ಅಬ್ಬೆ ದ ಲೆಪೆ: ಸನ್ನೆಗೆ ವ್ಯಾಕರಣ ತೊಡಿಸಿದ ಗುರು

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬಯಲು ಮುಗಿದು ಕಾಡು ಮೊದಲಾಗುವ ಎಡೆಯಲ್ಲಿ ಪುಣಜನೂರು ಎಂಬ ಊರಿದೆ. ಅರಣ್ಯ ಇಲಾಖೆಯ ಗೇಟು, ಒಂದಷ್ಟು ಮನೆಗಳು, ಒಳಗಾಡಿನಲ್ಲಿ ಸೋಲಿಗರ ಪೋಡುಗಳು. ಮುಂದೆ ಹೋದರೆ ತಮಿಳುನಾಡಿನ ಗಡಿ. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಅವನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಹುಟ್ಟಿನಿಂದಲೇ ಕಿವಿ ಕೇಳದು. ಆ ಮಗು ತೋಳನ್ನು ಮೂಗಿನ ಮುಂದೆ ಇಳಿಬಿಟ್ಟು ತೂಗಿದರೆ ಅದು ಆನೆ. ಮುಂಗೈಯನ್ನು ಅಡ್ಡಹಿಡಿದು ಮೆಲ್ಲನೆ ಮೇಲೆತ್ತಿದರೆ ಅದು ಗೇಟು. ಎರಡನ್ನೂ ಒಂದರ ಬೆನ್ನಿಗೊಂದು ಮಾಡಿ ಕಣ್ಣರಳಿಸಿದಾಗ, ರಾತ್ರಿ ಗೇಟಿನ ಬಳಿ ಆನೆ ಬಂದಿತ್ತೆಂಬ ವಾರ್ತೆ ಮುಟ್ಟುತ್ತದೆ. ನನಗೆ ಮುಟ್ಟಿಸಿದವರು ಅದರ ಅಜ್ಜಿ. ಮನೆಯಲ್ಲಿ ಮಗುವಿಗೆ ಅವರೇ ದುಭಾಷಿ.

ಕಿವಿಯ ಚಿಕಿತ್ಸೆಯ ಮಾತನ್ನು ಮನೆಯವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ತಜ್ಞರಿಗೆ ಬಿಟ್ಟಿದ್ದರು. ತಾಯಿಯ ಚಿಂತೆ ಬೇರೆಯದು. ಭಾರತೀಯ ಸಂಜ್ಞಾಭಾಷೆಯನ್ನು ಕಲಿಸಿರೆಂದು ಒಬ್ಬರು ಹೇಳಿದ್ದಾರೆ. ಕನ್ನಡ ವಾಕ್ಯದ ಪದಪದಕ್ಕೂ ಪ್ರತ್ಯಯಕ್ಕೂ ಒಂದೊಂದು ಸನ್ನೆ ಮಾಡಿ ತೋರಿಸಿದರೆ ಓದುಬರಹ ಬೇಗ ಹತ್ತುತ್ತದೆಂದು ಇನ್ನೊಬ್ಬರ ಸಲಹೆ. ಸನ್ನೆಯೇ ಕೂಡದು, ತುಟಿಯನ್ನೇ ನೋಡಿ ಕಲಿಯಲಿ ಎಂಬುದು ಮೂರನೆಯವರ ಮತ. ಮನೆಯಲ್ಲಿ ತಾನಾಗಿ ಹುಟ್ಟಿದ ಆನೆ ಗೇಟುಗಳ ಸನ್ನೆಯನ್ನು ಏನು ಮಾಡಬೇಕು? ಕನ್ನಡದ ಮೇಷ್ಟ್ರಿಗೆ ಭಾಷೆಯ ಸಂಗತಿ ತಿಳಿದಿರಬೇಕೆಂದು ಆಕೆಯ ನಂಬಿಕೆ. ಆಗ ನನಗೆ ನೆನಪಾದದ್ದು, ಇದೇ ಪ್ರಶ್ನೆಯೊಡನೆ ಮೂವತ್ತು ವರ್ಷ ಬಾಳಿದ, ಪಾಲುಮಟ್ಟಿಗೆ ಗೆದ್ದು ಪಾಲುಮಟ್ಟಿಗೆ ಎಡವಿದ ಒಬ್ಬ ಫ್ರೆಂಚ್ ಪಾದ್ರಿಯ ಬಾಳು.

ಷಾರ್ಲ್ ಮಿಷೆಲ್ ದ ಲೆಪೆ 1712ರ ನವೆಂಬರಿನಲ್ಲಿ ವರ್ಸೇಲ್ಸ್‌ನಲ್ಲಿ ಜನಿಸಿದ. ತಂದೆ ಅರಸನ ಕಟ್ಟಡಗಳಿಗೆ ಸಂಬಂಧಿಸಿದ ಉದ್ಯೋಗದಲ್ಲಿದ್ದ ಸ್ಥಿತಿವಂತ. ಮಗನ ಒಲವು ಧರ್ಮದ ಕಡೆಗೆ. ಆದರೆ ಆ ಕಾಲದ ಫ್ರಾನ್ಸಿನಲ್ಲಿ ಜಾನ್ಸೆನ್ ಪಂಥದ ವಿವಾದ ಉರಿಯುತ್ತಿತ್ತು. ಪಂಥವನ್ನು ಖಂಡಿಸುವ ಒಪ್ಪೋಲೆಗೆ ಸಹಿ ಹಾಕಲು ತರುಣ ಲೆಪೆಯ ಮನಸ್ಸಾಕ್ಷಿ ಒಪ್ಪದೆ, ದೀಕ್ಷೆಯ ಬಾಗಿಲು ಮುಚ್ಚಿತು. ನ್ಯಾಯಶಾಸ್ತ್ರವನ್ನೋದಿ ವಕೀಲನಾದ; ಆ ವೃತ್ತಿ ಹಿಡಿಸಲಿಲ್ಲ. ತ್ರುವಾ ಪಟ್ಟಣದ ಬಿಷಪ್ಪನೊಬ್ಬ ಕನಿಕರಿಸಿ ದೀಕ್ಷೆ ಕೊಟ್ಟನಾದರೂ, ಆತನ ಮರಣಾನಂತರ ಹಳೆಯ ಶಂಕೆ ಮತ್ತೆ ತಲೆಯೆತ್ತಿತು. ಹೀಗೆ ನಡುಹರೆಯ ಕಳೆಯುವ ಹೊತ್ತಿಗೆ ಈತ ಪ್ಯಾರಿಸಿನಲ್ಲಿ ಪಿತ್ರಾರ್ಜಿತದ ಮೇಲೆ ಬದುಕುತ್ತ, ಮಾಡಲು ತಕ್ಕ ಕೆಲಸವಿಲ್ಲದ ಪಾದ್ರಿಯಾಗಿದ್ದ.

ಪಾದ್ರಿಯನ್ನು ಫ್ರೆಂಚರು ಅಬ್ಬೆ ಎನ್ನುತ್ತಾರೆ. ತಂದೆ ಎಂಬರ್ಥದ ಮೂಲದಿಂದ ಬಂದ ಮಾತು ಅದು. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಈ ಎರಡು ಪದಗಳಿಗೆ ಯಾವ ನಂಟೂ ಇಲ್ಲ. ಆದರೂ ಈತನ ಮುಂದಿನ ಚರಿತ್ರೆಯನ್ನು ಓದುವಾಗ ಕನ್ನಡಿಗನ ಮನಸ್ಸು ಆ ಹೆಸರನ್ನು ತನ್ನ ಅರ್ಥದಲ್ಲೇ ಕೇಳಿಸಿಕೊಳ್ಳುತ್ತದೆ.

ಸುಮಾರು 1760ರಲ್ಲಿ ಯಾವುದೋ ಕೆಲಸದ ಮೇಲೆ ಲೆಪೆ ಒಂದು ಬಡಮನೆಗೆ ಹೋದ. ಒಳಗೆ ಇಬ್ಬರು ಸೋದರಿಯರು ಹೊಲಿಗೆಯಲ್ಲಿ ಮಗ್ನರಾಗಿದ್ದರು. ಮಾತನಾಡಿಸಿದರೆ ಉತ್ತರವಿಲ್ಲ, ತಲೆಯನ್ನೂ ಎತ್ತಲೊಲ್ಲರು. ಅವಿನಯವೆಂದು ಬಗೆದು ಬೇಸರಗೊಂಡಿದ್ದಾಗ ತಾಯಿ ಬಂದು ಕಣ್ಣೀರಿಟ್ಟು ನಿಜವನ್ನು ಹೇಳಿದಳು. ಹುಡುಗಿಯರಿಬ್ಬರೂ ಕಿವುಡರು. ಚಿತ್ರಪಟಗಳನ್ನು ತೋರಿಸಿ ಒಂದಿಷ್ಟು ಕಲಿಸುತ್ತಿದ್ದ ಪಾದ್ರಿ ವಾನಾಂ ತೀರಿಹೋದ ಮೇಲೆ ಅವರಿಗೆ ಗತಿಯಿರಲಿಲ್ಲ. ಧರ್ಮೋಪದೇಶವಿಲ್ಲದೆ ಈ ಮಕ್ಕಳು ಅಳಿದುಹೋಗುವರಲ್ಲಾ ಎಂಬ ಮರುಕದಿಂದ ಲೆಪೆ ಅವರ ಗುರುವಾದ. ಆಗ ಅವನಿಗೆ ಐವತ್ತರ ಹತ್ತಿರ.

ಆ ಕಾಲದಲ್ಲಿ ಕಿವುಡರಿಗೆ ಕಲಿಸುವವರು ಬೇರೆ ಇರಲಿಲ್ಲವೆಂದಲ್ಲ. ಪ್ಯಾರಿಸಿನಲ್ಲೇ ಪೆರೇರ್ ಎಂಬ ಪ್ರತಿಭಾವಂತ ಧನಿಕರ ಮಕ್ಕಳಿಗೆ ಮಾತು ಕಲಿಸಿ ಅರಮನೆಯವರೆಗೂ ಹೆಸರು ಮಾಡಿದ್ದ. ತನ್ನ ವಿಧಾನವನ್ನು ಮಾತ್ರ ಗುಟ್ಟಾಗಿ ಇಟ್ಟುಕೊಂಡಿದ್ದ. ಲೆಪೆಯ ದಾರಿ ಎರಡು ಬಗೆಯಲ್ಲಿ ಬೇರೆ. ಮುಲಾಂ ಬೀದಿಯ ತನ್ನ ಮನೆಯಲ್ಲೇ ಶಾಲೆ ತೆರೆದು, ಬಡವ ಬಲ್ಲಿದರೆನ್ನದೆ ಬಂದವರನ್ನೆಲ್ಲ ಶುಲ್ಕವಿಲ್ಲದೆ ಸೇರಿಸಿಕೊಂಡ. ಮೂಲಧಾತುವಿನ ಹಾಗೆ ತನ್ನ ವಿಧಾನವನ್ನು ಬಚ್ಚಿಡದೆ, ಕಲಿಯಬಯಸಿದ ಯಾರಿಗಾದರೂ ಧಾರೆಯೆರೆದ. ಎರಡನೆಯದು ಇನ್ನೂ ದೊಡ್ಡದು: ಮಕ್ಕಳು ಸನ್ನೆಯಿಂದ ತಮ್ಮೊಳಗೆ ಮಾತಾಡುವುದನ್ನು ಕಂಡು, ಅದನ್ನು ತಡೆಯದೆ ತಾನೂ ಕುಳಿತು ಕಲಿತ. ಗುರುವಾದವನು ಶಿಷ್ಯರ ಭಾಷೆಗೆ ಮೊದಲು ಶಿಷ್ಯನಾಗುವುದು ಇಂದಿಗೂ ಎಲ್ಲ ತರಗತಿಗಳಲ್ಲಿ ನಡೆಯುವ ಸಂಗತಿಯಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸರಳವಾಗಿರುತ್ತಿತ್ತು. ಆದರೆ ಲೆಪೆಗೆ ಆ ಸನ್ನೆಗಳು ಒರಟಾದ ಕಚ್ಚಾ ಸಾಮಗ್ರಿಯಾಗಿ ಕಂಡವು. ಫ್ರೆಂಚಿನಲ್ಲಿ ಲಿಂಗವಿದೆ, ಕಾಲವಿದೆ, ನಾಮಪದದ ಮುಂದೆ ನಿಲ್ಲುವ ಸಣ್ಣಸಣ್ಣ ಪದಗಳಿವೆ, ಸನ್ನೆಯಲ್ಲಿ ಅವೆಲ್ಲಿ? ಆದ್ದರಿಂದ ಅವನ್ನು ಕೂಡಿಸಹೊರಟ. ಪುಲ್ಲಿಂಗಕ್ಕೆ ಗಂಡಸರ ಟೊಪ್ಪಿಗೆಯ ಅಂಚನ್ನು ಮುಟ್ಟುವಂತೆ ಕೈಯೊಯ್ಯಬೇಕು, ಸ್ತ್ರೀಲಿಂಗಕ್ಕೆ ಕಿವಿಯ ಬಳಿಗೆ. ಕೈಯನ್ನು ಹೆಗಲ ಹಿಂದಕ್ಕೆ ಒಮ್ಮೆ ಬೀಸಿದರೆ ಒಂದು ಭೂತಕಾಲ, ಎರಡು ಬಾರಿ ಬೀಸಿದರೆ ಇನ್ನೊಂದು, ಮೂರು ಬಾರಿಗೆ ಮತ್ತೂ ಹಿಂದಿನದು. ನಂಬುವುದು ಎಂಬ ಒಂದು ಕ್ರಿಯಾಪದಕ್ಕೆ ಬುದ್ಧಿಯಿಂದ ಒಪ್ಪುವುದು, ಹೃದಯದಿಂದ ಒಪ್ಪುವುದು, ಬಾಯಿಂದ ಒಪ್ಪುವುದು, ಕಣ್ಣಿನಿಂದ ಕಾಣದಿರುವುದು ಎಂಬ ನಾಲ್ಕು ಸನ್ನೆಗಳು ಸೇರಬೇಕು. ಅದರ ಮೇಲೆ ಇದು ಕ್ರಿಯಾಪದ, ಇದು ವರ್ತಮಾನ ಎಂದು ತಿಳಿಸುವ ಗುರುತು. ಈ ಏರ್ಪಾಡಿಗೆ ಆತ ಕ್ರಮಬದ್ಧ ಸಂಜ್ಞೆಗಳೆಂದು ಹೆಸರಿಟ್ಟು 1776ರಲ್ಲಿ ಒಂದು ಗ್ರಂಥವನ್ನೂ, ದೀರ್ಘ ಅನುಭವದ ಮೇಲೆ ತಿದ್ದಿ 1784ರಲ್ಲಿ ಇನ್ನೊಂದನ್ನೂ ಪ್ರಕಟಿಸಿದ.

ವಿಭಕ್ತಿ ಪ್ರತ್ಯಯಗಳನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೆ ಈ ಹುಚ್ಚು ಅರ್ಥವಾಗದ್ದೇನಲ್ಲ. ಮರದ ಮೇಲಿಂದ ಹಕ್ಕಿ ಹಾರಿಹೋಯಿತು ಎಂಬಷ್ಟನ್ನು ಈ ಬಗೆಯಲ್ಲಿ ಹೇಳಬೇಕಾದರೆ ಷಷ್ಠಿಗೊಂದು, ಪಂಚಮಿಗೊಂದು, ಭೂತಕಾಲಕ್ಕೊಂದು, ನಪುಂಸಕಲಿಂಗಕ್ಕೊಂದು ಸನ್ನೆ ಬೇಕು. ಕಿವುಡ ಮಗುವಾದರೋ ಒಂದು ತೋಳನ್ನು ಮರವಾಗಿ ನಿಲ್ಲಿಸಿ, ಇನ್ನೊಂದು ಕೈಯ ಹಕ್ಕಿಯನ್ನು ಅದರ ಮೇಲಿಂದ ಹಾರಿಸಿಬಿಡುತ್ತದೆ. ಪಂಚಮಿಯ ಕೆಲಸವನ್ನು ಬಯಲೇ ಮಾಡಿತು. ಅಲ್ಲಿ ವ್ಯಾಕರಣವಿಲ್ಲವೆಂದಲ್ಲ, ಕಣ್ಣಿಗೆ ತಕ್ಕ ವ್ಯಾಕರಣವಿದೆ. ಕೇಶಿರಾಜ ಕನ್ನಡಕ್ಕೆ ಸೂತ್ರ ಬರೆದದ್ದು ಜನ ಕನ್ನಡ ಆಡುತ್ತಿದ್ದ ಎಷ್ಟೋ ಶತಮಾನಗಳ ಮೇಲಲ್ಲವೆ?

ಈ ಮಾತನ್ನು ಲೆಪೆಯ ಬದುಕಿನಲ್ಲೇ ಒಬ್ಬ ಎತ್ತಿದ. ಪಿಯೆರ್ ದೆಲೋಜ್ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಗಾರ. ಬಾಲ್ಯದಲ್ಲಿ ಸಿಡುಬಿನಿಂದ ಕಿವಿ ಕಳೆದುಕೊಂಡವನು. ಸನ್ನೆಯನ್ನು ಹಳಿದ ಬೇರೊಬ್ಬ ಪಾದ್ರಿಗೆ ಉತ್ತರವಾಗಿ 1779ರಲ್ಲಿ ಪುಸ್ತಕವನ್ನೇ ಅಚ್ಚುಹಾಕಿಸಿದ. ಲೆಪೆಯ ಮೇಲೆ ಅವನಿಗೆ ಗೌರವ ಅಪಾರ. ಆದರೂ ಸನ್ನೆಯ ಭಾಷೆ ಆ ಗುರುವಿನ ಸೃಷ್ಟಿಯಲ್ಲವೆಂದೂ, ಶಾಲೆಯ ಮೆಟ್ಟಿಲು ಹತ್ತದ ಪ್ಯಾರಿಸಿನ ಕಿವುಡರು ಅದರಿಂದಲೇ ಲೋಕದ ಸಮಸ್ತ ವಿಷಯಗಳನ್ನೂ ಚರ್ಚಿಸುತ್ತಿದ್ದಾರೆಂದೂ ಅವನು ಸ್ಪಷ್ಟಪಡಿಸಿದ.

ಅಷ್ಟರಲ್ಲಿ ಲೆಪೆಯ ಕೀರ್ತಿ ಯೂರೋಪಿನಲ್ಲೆಲ್ಲ ಹಬ್ಬಿತ್ತು. ಸಾರ್ವಜನಿಕ ಪರೀಕ್ಷೆಗಳಲ್ಲಿ ಅವನ ಶಿಷ್ಯರು ಫ್ರೆಂಚ್, ಲ್ಯಾಟಿನ್, ಇಟಾಲಿಯನ್ ಮೊದಲಾದ ಭಾಷೆಗಳಲ್ಲಿ ಉತ್ತರ ಬರೆಯುವುದನ್ನು ನೋಡಲು ಜನ ಕಿಕ್ಕಿರಿಯುತ್ತಿದ್ದರು. ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್ 1777ರಲ್ಲಿ ಶಾಲೆಗೆ ಬಂದು ಮೆಚ್ಚಿ ಹೋದ. ಎರಡು ವರ್ಷಗಳಲ್ಲಿ ವಿಯೆನ್ನಾದಲ್ಲಿ ಅಂಥದೇ ಶಾಲೆ ಹುಟ್ಟಿತು. ರಷ್ಯದ ರಾಣಿ ಕಾಣಿಕೆ ಕಳಿಸಬಯಸಿದಾಗ, ಅದರ ಬದಲು ಅಲ್ಲಿಯ ಕಿವುಡನೊಬ್ಬನನ್ನು ಕಲಿಯಲು ಕಳಿಸಿರೆಂದು ಈತ ಕೋರಿದನಂತೆ. ಮಾತೇ ಮುಖ್ಯವೆಂದು ಸಾರಿದ ಲೈಪ್ಜಿಗ್‌ನ ಹೈನಿಕೆಯೊಡನೆ ಪತ್ರಮುಖೇನ ವಾದ ನಡೆದು, 1783ರಲ್ಲಿ ಜ್ಯೂರಿಕ್ ವಿದ್ವಾಂಸರು ಲೆಪೆಯ ಪರವಾಗಿ ತೀರ್ಪಿತ್ತರು.

ಆ ಸಭೆಗಳಲ್ಲಿ ಕುಳಿತವರಿಗೆ ಕಾಣದ ಒಂದು ಕೊರತೆ ಗುರುವಿಗೆ ಗೊತ್ತಿತ್ತು. ಸನ್ನೆ ಮಾಡಿ ತೋರಿಸಿದ ವಾಕ್ಯವನ್ನು ಮಕ್ಕಳು ತಪ್ಪಿಲ್ಲದೆ ಬರೆಯುತ್ತಿದ್ದರು; ತಮ್ಮ ಮನಸ್ಸಿನ ವಾಕ್ಯವೊಂದನ್ನು ತಾವಾಗಿ ಬರೆಯಲಾರರು. ತನ್ನ ಶಿಷ್ಯ ಸಿಕಾರನಿಗೆ ಬರೆದ ಪತ್ರದಲ್ಲಿ, ಅಷ್ಟು ದೂರದ ಆಸೆ ಬೇಡವೆಂದು ಆತನೇ ತಿಳಿಹೇಳಿದ್ದಾನೆ. ಆ ಮಕ್ಕಳು ಬರೆಯುತ್ತಿದ್ದುದು ಫ್ರೆಂಚಿನ ನೆರಳನ್ನು. ಮನೆಯಂಗಳದಲ್ಲಿ, ಊಟದ ಮೇಜಿನಲ್ಲಿ ಅವರು ಪರಸ್ಪರ ಆಡುತ್ತಿದ್ದ ಭಾಷೆ ಬೇರೆಯೇ ಆಗಿತ್ತು.

ಲೆಪೆ ತನ್ನ ಆಸ್ತಿಯನ್ನೆಲ್ಲ ಶಾಲೆಗೆ ಸುರಿದ. 1788ರ ಕಡುಚಳಿಯಲ್ಲಿ ತನ್ನ ಕೋಣೆಗೆ ಸೌದೆ ಕೊಳ್ಳದೆ ಮುದುಕ ನಡುಗುತ್ತಿದ್ದುದನ್ನು ಕಂಡು ಮಕ್ಕಳೇ ಅತ್ತು ಕೊಳ್ಳುವಂತೆ ಮಾಡಿದರೆಂದೂ, ಅವರ ಪಾಲಿನ ಹಣವನ್ನು ತಾನು ಸುಟ್ಟೆನೆಂದು ಆತ ಬಹುದಿನ ಕೊರಗಿದನೆಂದೂ ಹೇಳುತ್ತಾರೆ. ಮರುವರ್ಷ ಕ್ರಾಂತಿಯ ಕೋಲಾಹಲದ ನಡುವೆ, 1789ರ ಡಿಸೆಂಬರ್ 23ರಂದು ಆತ ತೀರಿಕೊಂಡ. 1791ರಲ್ಲಿ ರಾಷ್ಟ್ರೀಯ ಸಭೆ ಅವನ ಶಾಲೆಯನ್ನು ಸರ್ಕಾರದ ವೆಚ್ಚಕ್ಕೆ ವಹಿಸಿಕೊಂಡಿತು.

ಕ್ರಮಬದ್ಧ ಸಂಜ್ಞೆಗಳು ಗುರುವಿನ ಹಿಂದೆ ಬಹುಕಾಲ ಬಾಳಲಿಲ್ಲ. ಅದೇ ಶಾಲೆಯ ಬೆಬಿಯಾಂ 1817ರಲ್ಲಿ ಬರೆದ ಪುಸ್ತಕದಲ್ಲಿ, ಕಿವುಡರ ಸಹಜ ಸಂಜ್ಞೆಯಲ್ಲೇ ಪಾಠ ನಡೆಯಬೇಕೆಂದೂ ಫ್ರೆಂಚನ್ನು ಅದರ ಪಕ್ಕದಲ್ಲಿಟ್ಟು ಬೇರೊಂದು ಭಾಷೆಯಾಗಿ ಕಲಿಸಬೇಕೆಂದೂ ವಾದಿಸಿದ. ಅಲ್ಲಿಯ ಕಿವುಡ ಅಧ್ಯಾಪಕ ಲೊರಾಂ ಕ್ಲೇರ್ 1816ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಹಾರ್ಟ್‌ಫರ್ಡ್‌ನಲ್ಲಿ ತೆರೆದ ಶಾಲೆಗೆ ಕ್ರಮಬದ್ಧ ಸಂಜ್ಞೆಗಳನ್ನು ಇಂಗ್ಲಿಷಿಗೆ ಹೊಂದಿಸಿ ಒಯ್ದಿದ್ದ. ಮುಂದೆ ಅಲ್ಲಿಯೂ ಅವು ಬಿದ್ದುಹೋದವು. ಇಷ್ಟಾದರೂ 1834ರಿಂದ ಪ್ಯಾರಿಸಿನ ಕಿವುಡರು ಲೆಪೆಯ ಹುಟ್ಟುಹಬ್ಬಕ್ಕೆ ವರ್ಷವರ್ಷವೂ ಔತಣ ನಡೆಸಿದರು. ಅದನ್ನು ಮೊದಲು ಮಾಡಿದ ಬೆರ್ಟಿಯೆ ಬೆಬಿಯಾಂನ ಮತದವನೇ. ತಮ್ಮನ್ನು ಒಂದು ಸೂರಿನಡಿ ಕೂಡಿಸಿದ ಉಪಕಾರವನ್ನು ಅವರು ಮರೆಯಲಿಲ್ಲ, ತೊಡಿಸಿದ ಅಂಗಿಯನ್ನು ಕಳಚಿಟ್ಟರು.

ಪುಣಜನೂರಿನ ತಾಯಿಗೆ ಇಷ್ಟನ್ನೂ ಹೇಳಲಿಲ್ಲ. ಕನ್ನಡದ ಪ್ರತ್ಯಯಗಳಿಗೆ ಸನ್ನೆ ಹೊಂದಿಸುವ ಕೆಲಸ ಶಾಲೆಯಲ್ಲಿ ಅಕ್ಷರ ಕಲಿಸುವಾಗ ಒಂದಿಷ್ಟು ಉಪಯೋಗಕ್ಕೆ ಬಂದೀತು, ನಾಲ್ಕು ವರ್ಷದ ಮಗುವಿಗೆ ಬೇಕಾದದ್ದು ಯಾರೋ ಆಡುತ್ತಿರುವ ಭಾಷೆ ಎಂದೆ. ತಮಿಳುನಾಡಿನ ಕಡೆಯ ಶಾಲೆ ಹತ್ತಿರವಾದರೂ ಸನ್ನೆ ಬೇರೆಯಾಗುವುದೇನೋ ಎಂಬ ಆಕೆಯ ಅಂಜಿಕೆಗೂ ಆಧಾರವಿಲ್ಲ. 1970ರ ದಶಕದಲ್ಲಿ ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಅಭ್ಯಸಿಸಿದ ವಿದ್ವಾಂಸರಿಗೆ ಪದಗಳಲ್ಲಿ ಅಲ್ಲಲ್ಲಿ ಭೇದ ಕಂಡರೂ ವ್ಯಾಕರಣ ಬಹುಮಟ್ಟಿಗೆ ಒಂದೇ ಆಗಿ ಕಂಡಿತ್ತು. ಮನೆಯ ಸನ್ನೆಯನ್ನು ಗದರಿಸಿ ಬಿಡಿಸುವ ಕಾರಣವೂ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರು ಹೆಚ್ಚು; ಆ ಊರಿಗೇ ಒಂದು ಸನ್ನೆಭಾಷೆಯಿದ್ದು ಕಿವಿಯುಳ್ಳ ನೆರೆಯವರೂ ಅದನ್ನು ಬಲ್ಲರು. ಪುಣಜನೂರಿನಲ್ಲಿ ಬಲ್ಲವರು ಅಜ್ಜಿ ಒಬ್ಬರೇ. ತೊಡಕಿರುವುದು ಅಲ್ಲಿ. ಸನ್ನೆಯಾಡುವ ಹತ್ತು ಜನರ ನಡುವೆ ಮಗುವನ್ನು ಬಿಡಬೇಕಾದರೆ ವಸತಿಶಾಲೆಗೇ ಕಳಿಸಬೇಕು. ನಾಲ್ಕು ವರ್ಷದ ಕೂಸನ್ನು ಯಾವ ತಾಯಿ ಕಳಿಸಿಯಾಳು?

ಈ ಜೂನಿನಲ್ಲಿ ಕಳಿಸಲಿಲ್ಲವೆಂದು ನನ್ನ ವಿದ್ಯಾರ್ಥಿ ತಿಳಿಸಿದ. ತಾಯಿ ದೆಹಲಿಯ ಭಾರತೀಯ ಸಂಜ್ಞಾಭಾಷಾ ಕೇಂದ್ರದ ನಿಘಂಟನ್ನು ಮೊಬೈಲಿನಲ್ಲಿ ತೆರೆದು ದಿನಕ್ಕೆ ನಾಲ್ಕೈದು ಸನ್ನೆ ಕಲಿಯುತ್ತಿದ್ದಾರಂತೆ, ವಾರಕ್ಕೊಮ್ಮೆ ಚಾಮರಾಜನಗರದಲ್ಲಿ ಕಿವುಡ ಕುಟುಂಬವೊಂದರ ಮನೆಗೆ ಮಗುವಿನೊಡನೆ ಹೋಗಿಬರುತ್ತಾರಂತೆ. ಆನೆಗೆ ನಿಘಂಟಿನಲ್ಲಿರುವ ಸನ್ನೆಯೂ ಮಗುವಿನದೂ ಹೆಚ್ಚು ಬೇರೆಯಲ್ಲ. ಗೇಟಿಗೆ ಮಾತ್ರ ಅಜ್ಜಿ ತಮ್ಮದನ್ನೇ ಉಳಿಸಿಕೊಂಡಿದ್ದಾರೆ.