ಮೃಗವತ್ಸಲೆ ಜಾಯ್ ಆಡಮ್ಸನ್

ಸಾಕಿದ ಜೀವವನ್ನು ತನ್ನ ಅಂಕೆಯಲ್ಲಿಯೇ ಇರಿಸಿಕೊಳ್ಳಬೇಕೆಂಬುದು ಮಾನವಸಹಜವಾದ ಮೋಹ. ಆ ಮೋಹವನ್ನು ಗೆದ್ದು, ತಾವು ಸಲಹಿದ ಸಿಂಹಿಣಿಗೆ ಅರಣ್ಯವನ್ನೇ ಮರಳಿ ಕೊಟ್ಟ ಮಹಿಳೆ ಜಾಯ್ ಆಡಮ್ಸನ್.

ಆಕೆಯ ಜನನ 1910ರ ಜನವರಿ 20ರಂದು, ಅಂದಿನ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರೊಪ್ಪೌ ನಗರದಲ್ಲಿ. 1937ರಲ್ಲಿ ಆಫ್ರಿಕದ ಕೀನ್ಯಾಕ್ಕೆ ಬಂದು, ಅಲ್ಲಿಯೇ ನೆಲಸಿ, ಆ ನಾಡಿನ ಸಸ್ಯಗಳನ್ನೂ ಬುಡಕಟ್ಟುಗಳ ಜನರನ್ನೂ ಚಿತ್ರಿಸಿ ಹೆಸರು ಪಡೆದರು. ವನ್ಯಮೃಗ ಇಲಾಖೆಯ ಅಧಿಕಾರಿಯಾಗಿದ್ದ ಜಾರ್ಜ್ ಆಡಮ್ಸನ್ ಆಕೆಯ ಪತಿ. ಅವರು ಹುಟ್ಟಿದುದು ನಮ್ಮ ದೇಶದ ಇಟಾವಾದಲ್ಲಿ.

1956ರ ಫೆಬ್ರವರಿಯಲ್ಲಿ ಜಾರ್ಜರು ತಮ್ಮ ಮೇಲೆರಗಿದ ಸಿಂಹಿಣಿಯೊಂದನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ಮರಿಗಳನ್ನು ಕಾಯಲೆಂದೇ ಅದು ಎರಗಿತ್ತೆಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ತಬ್ಬಲಿಗಳಾದ ಮೂರು ಮರಿಗಳಿಗೆ ದಂಪತಿಗಳು ಹಾಲೂಡಿಸಿ ಬದುಕಿಸಿದರು. ಎರಡನ್ನು ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಕಳುಹಿಸಿ, ಎಲ್ಸಾ ಎಂಬ ಕಿರಿಯ ಮರಿಯನ್ನು ಉಳಿಸಿಕೊಂಡರು.

ಎಲ್ಸಾ ಬೆಳೆದಾಗ ಅದನ್ನೂ ಮೃಗಾಲಯಕ್ಕೆ ಒಪ್ಪಿಸುವುದೇ ಸುಲಭದ ಹಾದಿಯಾಗಿತ್ತು. ಜಾಯ್ ಅದಕ್ಕೆ ಒಡಂಬಡಲಿಲ್ಲ. ಆದರೆ ಕೈತುತ್ತು ತಿಂದು ಬೆಳೆದ ಪ್ರಾಣಿಗೆ ಬೇಟೆಯ ವಿದ್ಯೆ ತಿಳಿಯದು. ಮೊದಲ ಯತ್ನದಲ್ಲಿ ಅದು ಕಾಯಿಲೆ ಬಿದ್ದು ಸೊರಗಿತು. ಎದೆಗುಂದದೆ ಮೇರು ಪ್ರದೇಶದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು ಕಲಿಸಿದ ಮೇಲೆ ಎಲ್ಸಾ ಸ್ವತಂತ್ರವಾಗಿ ಬದುಕತೊಡಗಿತು. 1959ರ ಡಿಸೆಂಬರಿನಲ್ಲಿ ಕಾಡಿನಲ್ಲಿಯೇ ಮೂರು ಮರಿಗಳನ್ನು ಹೆತ್ತು, ಕೆಲವು ವಾರಗಳ ತರುವಾಯ ಅವುಗಳನ್ನು ತಾನೇ ಕರೆತಂದು ಸಾಕುತಾಯಿಗೆ ತೋರಿಸಿತು. 1961ರ ಜನವರಿಯಲ್ಲಿ, ಉಣ್ಣೆಗಳಿಂದ ಹರಡುವ ರೋಗಕ್ಕೆ ತುತ್ತಾಗಿ ಅಸುನೀಗಿತು.

ಎಲ್ಸಾಳ ಕಥೆಯನ್ನು ಜಾಯ್ 1960ರಲ್ಲಿ 'ಬಾರ್ನ್ ಫ್ರೀ' ಎಂಬ ಗ್ರಂಥವಾಗಿ ಪ್ರಕಟಿಸಿದರು. 1966ರಲ್ಲಿ ಅದು ಚಲನಚಿತ್ರವಾಯಿತು. ಗ್ರಂಥದಿಂದ ಬಂದ ಧನವನ್ನು ಆಕೆ ವನ್ಯಜೀವಿಗಳ ರಕ್ಷಣೆಗೇ ವಿನಿಯೋಗಿಸಿದರು. ಮುಂದೆ ಪಿಪ್ಪಾ ಎಂಬ ಚೀತಾವನ್ನೂ ಪೆನ್ನಿ ಎಂಬ ಚಿರತೆಯನ್ನೂ ಅದೇ ರೀತಿ ಕಾಡಿಗೆ ಮರಳಿಸಿದರು. ಮೃಗಗಳೊಡನೆ ಅಪಾರ ತಾಳ್ಮೆ ತೋರಿದ ಆಕೆ ಮನುಷ್ಯರೊಡನೆ ದುಡುಕುತ್ತಿದ್ದರೆಂಬುದನ್ನೂ ಬಲ್ಲವರು ಮರೆಮಾಚಿಲ್ಲ.

1980ರ ಜನವರಿ 3ರಂದು ಶಾಬಾ ಅರಣ್ಯದ ಬಿಡಾರದ ಬಳಿ ಜಾಯ್ ಹತರಾದರು. ಸಿಂಹವೇ ಕೊಂದಿತೆಂಬ ಸುದ್ದಿ ಮೊದಲು ಹಬ್ಬಿತು. ವಿಚಾರಣೆಯಿಂದ, ಹಿಂದೆ ಆಕೆಯ ಬಳಿ ಕೆಲಸಕ್ಕಿದ್ದ ಮನುಷ್ಯನೊಬ್ಬನ ಕೃತ್ಯವದೆಂದು ಹೊರಬಿದ್ದಿತು. ಸಿಂಹಕ್ಕೆ ಅಂಟಿದ್ದ ಅಪವಾದ ತೊಲಗಿತು. ಆಕೆಯ ಚಿತಾಭಸ್ಮವು ಮೇರು ಅರಣ್ಯದಲ್ಲಿ ಎಲ್ಸಾ ಮತ್ತು ಪಿಪ್ಪಾರ ಸಮಾಧಿಗಳನ್ನು ಸೇರಿತು. 1989ರ ಆಗಸ್ಟ್ 20ರಂದು ಕೋರಾ ಅರಣ್ಯದಲ್ಲಿ ಅತಿಥಿಯೊಬ್ಬರನ್ನು ರಕ್ಷಿಸಲು ಧಾವಿಸಿದ ಜಾರ್ಜರೂ ದರೋಡೆಕೋರರ ಗುಂಡಿಗೆ ಬಲಿಯಾದರು.

ಪಡೆದುದನ್ನು ಅದು ಸೇರಬೇಕಾದೆಡೆಗೆ ಒಪ್ಪಿಸುವುದೇ ದಾಸೋಹದ ತಿರುಳು. ಹುಟ್ಟಿದ ನಾಡನ್ನು ತೊರೆದು ಮೂಕಜೀವಿಗಳಿಗಾಗಿ ಬಾಳಿದ ಈ ಮಹಿಳೆ ಅದನ್ನು ಆಚರಿಸಿ ತೋರಿದರು. ಸಲಹಿದ ಮಕ್ಕಳನ್ನು ವರ್ಷವರ್ಷವೂ ಲೋಕಕ್ಕೆ ಬೀಳ್ಕೊಡುವ ಗುರುಜನರಿಗೆ ಆ ತ್ಯಾಗದ ನೋವೂ ನಲಿವೂ ಅಪರಿಚಿತವಲ್ಲ.