ಶಿಷ್ಯವತ್ಸಲ ಟಿ. ಎಸ್. ವೆಂಕಣ್ಣಯ್ಯನವರು

ಶರಣಧರ್ಮದ ಅಷ್ಟಾವರಣಗಳಲ್ಲಿ ಮೊದಲನೆಯ ಸ್ಥಾನ ಗುರುವಿಗೆ ಸಂದಿದೆ. ಗುರುವು ಶಿಷ್ಯನ ಕರಸ್ಥಲಕ್ಕೆ ಲಿಂಗವನ್ನು ಕರುಣಿಸುತ್ತಾನೆಯೇ ಹೊರತು ಶಿಷ್ಯನ ಪರವಾಗಿ ತಾನೇ ಪೂಜೆಗೆ ಕುಳಿತುಕೊಳ್ಳುವುದಿಲ್ಲ. ಪೂಜೆ ಶಿಷ್ಯನದೇ, ಅದರ ಫಲವೂ ಶಿಷ್ಯನದೇ. ಲೌಕಿಕ ವಿದ್ಯೆಯ ಕ್ಷೇತ್ರದಲ್ಲಿಯೂ ಈ ತತ್ತ್ವ ಅಷ್ಟೇ ಸತ್ಯ. ಉನ್ನತ ವ್ಯಾಸಂಗದ ಹೊಸ್ತಿಲಲ್ಲಿ ನಿಂತ ತರುಣನಿಗೆ ಪಾಠ ಹೇಳುವವರು ಹಲವರು ದೊರೆಯುತ್ತಾರೆ. ಅವನ ಒಳಗಿನ ಶಕ್ತಿಯನ್ನು ಗುರುತಿಸಿ, ಬಾಳಿನ ದಾರಿಯನ್ನು ತೋರಿ, ಆ ದಾರಿಯಲ್ಲಿ ಅವನು ಕಾಲೂರುವವರೆಗೆ ಬೆನ್ನ ಹಿಂದೆ ನಿಲ್ಲುವವರು ವಿರಳ. ಅಂತಹ ವಿರಳರಲ್ಲಿ ಅಗ್ರಗಣ್ಯರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ತಳುಕಿನ ವೆಂಕಣ್ಣಯ್ಯನವರು.

ವೆಂಕಣ್ಣಯ್ಯನವರು ಜನಿಸಿದ್ದು 1885ರಲ್ಲಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಅವರ ಊರು, ತಂದೆ ಸುಬ್ಬಣ್ಣನವರು. ಮಳೆ ಕಡಮೆಯಾದ ಆ ಬಯಲುಸೀಮೆಯಿಂದ ಹೊರಟು, ವಿದ್ಯೆಯೊಂದನ್ನೇ ಬಂಡವಾಳವಾಗಿಸಿಕೊಂಡು ಮುಂದೆ ಬಂದವರು ಅವರು. ಎತ್ತರದ ನಿಲುವು, ಗಂಭೀರವಾದ ನಡೆ, ಮೃದುವಾದ ಅಂತಃಕರಣ. ಅವರ ಗೆಳೆಯರು ಎ. ಆರ್. ಕೃಷ್ಣಶಾಸ್ತ್ರಿಗಳು. ಕನ್ನಡದ ಕೆಲಸದಲ್ಲಿ ಒಬ್ಬರಿಗೊಬ್ಬರು ಹೆಗಲೆಣೆಯಾಗಿ ನಿಂತ ಈ ಇಬ್ಬರನ್ನೂ ನಾಡು ಕನ್ನಡದ ಅಶ್ವಿನೀದೇವತೆಗಳೆಂದು ಕರೆದು ಗೌರವಿಸಿತು.

ಆ ಕಾಲದಲ್ಲಿ ಕನ್ನಡದ ಸ್ಥಿತಿ ಹೇಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿದ್ದರೂ ಕನ್ನಡದಲ್ಲಿ ಎಂ. ಎ. ತರಗತಿ ಆರಂಭವಾದದ್ದು 1927ರಲ್ಲಿ. ಪದವಿ ಪಡೆದ ತರುಣನ ಕಣ್ಣು ಅಮಲ್ದಾರಿಕೆಯ ಮೇಲೆ. ಅದು ಕೈಗೂಡದಿದ್ದರೆ ವಕೀಲಿ ವೃತ್ತಿಯ ಮೇಲೆ. ಇಂಗ್ಲಿಷಿಗೂ ವಿಜ್ಞಾನಕ್ಕೂ ಇದ್ದ ಮನ್ನಣೆ ದೇಶಭಾಷೆಗೆ ಇರಲಿಲ್ಲ. ಬುದ್ಧಿವಂತನಾದ ಮಗ ಕನ್ನಡ ಓದುತ್ತಾನೆಂದರೆ ಮನೆಯ ಹಿರಿಯರು ಮುಂದೇನು ಗತಿಯೆಂದು ಚಿಂತಿಸುತ್ತಿದ್ದ ಕಾಲವದು. ಹೀಗಿರುವಾಗ ಪ್ರತಿಭಾವಂತನೊಬ್ಬನಿಗೆ ಕನ್ನಡವನ್ನು ಹಿಡಿಯೆಂದು ಹೇಳುವುದು ಸುಲಭದ ಮಾತಲ್ಲ. ಹಾಗೆ ಹೇಳಿದ ಗುರು ಆ ತರುಣನ ಅನ್ನದ ಹೊಣೆಯಲ್ಲಿಯೂ ಪಾಲುಗಾರನಾಗುತ್ತಾನೆ. ವೆಂಕಣ್ಣಯ್ಯನವರು ಆ ಹೊಣೆಗೆ ಹಿಂಜರಿದವರಲ್ಲ.

ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದಿದ್ದ ಕೆ. ವಿ. ಪುಟ್ಟಪ್ಪನವರು ಮೊದಲು ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದಾಗ ತರುಣ ಕವಿ ತಮ್ಮ ರಚನೆಗಳನ್ನು ಅವರಿಗೆ ತೋರಿಸಿದರು. ತಾಯ್ನುಡಿಯಲ್ಲಿ ಬರೆಯಬೇಕೆಂದು ಕಸಿನ್ಸರು ಬುದ್ಧಿ ಹೇಳಿದರು. ಆ ಹಿತವಚನ ಕವಿಯ ಮುಖವನ್ನು ಕನ್ನಡದ ಕಡೆಗೆ ತಿರುಗಿಸಿದ್ದು ನಿಜ. ಆದರೆ ದಾರಿಹೋಕನು ದಿಕ್ಕನ್ನು ತೋರಿ ಮುಂದೆ ಸಾಗುತ್ತಾನೆ. ಆ ದಿಕ್ಕಿನಲ್ಲಿ ದಿನದಿನವೂ ನಡೆಯುವವನಿಗೆ ಜೊತೆಯಾಗಿ ಬರುವ ಹಿರಿಯನೊಬ್ಬ ಬೇಕು. ಒಂದು ದಿನದ ಸಲಹೆಗೂ ವರ್ಷಾನುಗಟ್ಟಲೆಯ ಮಾರ್ಗದರ್ಶನಕ್ಕೂ ಇರುವ ವ್ಯತ್ಯಾಸ ಇದೇ.

ಪುಟ್ಟಪ್ಪನವರಿಗೆ ಇಂತಹ ಹಿರಿಯರು ಇಬ್ಬರು ದೊರೆತರು. ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮದಲ್ಲಿ ನೆಲೆಯನ್ನಿತ್ತು ಅವರ ಬಾಳಿಗೆ ಶಿಸ್ತನ್ನು ತಂದರು. ವಿದ್ಯಾಕ್ಷೇತ್ರದಲ್ಲಿ ವೆಂಕಣ್ಣಯ್ಯನವರು ಕೈಹಿಡಿದರು. ತತ್ತ್ವಶಾಸ್ತ್ರವನ್ನು ಓದಿ 1927ರಲ್ಲಿ ಬಿ. ಎ. ಪದವಿ ಪಡೆದ ಪುಟ್ಟಪ್ಪನವರು ಆಗತಾನೆ ತೆರೆದಿದ್ದ ಕನ್ನಡ ಎಂ. ಎ. ತರಗತಿಯ ಮೊದಲ ತಂಡವನ್ನು ಸೇರಿದರು. ವೆಂಕಣ್ಣಯ್ಯನವರ ಒತ್ತಾಸೆ ಅವರ ಬೆನ್ನ ಹಿಂದಿತ್ತು. 1929ರಲ್ಲಿ ಎಂ. ಎ. ಮುಗಿಯಿತು, ಅದೇ ವರ್ಷ ಅವರು ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ನಿನ್ನೆಯ ಶಿಷ್ಯ ಇಂದು ಸಹೋದ್ಯೋಗಿ. ಮುಂದೆ ಅದೇ ಕಾಲೇಜಿಗೆ ಪ್ರಾಂಶುಪಾಲರಾಗಿ, 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅವರು ಏರಿದ ಎತ್ತರಕ್ಕೆ ಅಂದು ಹಿಡಿದ ಕನ್ನಡದ ದಾರಿಯೇ ಮೊದಲ ಮೆಟ್ಟಿಲು.

ಶಿಷ್ಯರೆಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯಲು ವೆಂಕಣ್ಣಯ್ಯನವರು ಹೋಗಲಿಲ್ಲವೆಂಬುದು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ. ಪುಟ್ಟಪ್ಪನವರ ಜೊತೆಯಲ್ಲಿಯೇ ಎಂ. ಎ. ಓದಿದ ಡಿ. ಎಲ್. ನರಸಿಂಹಾಚಾರ್ಯರದು ಕವಿಯ ಮನೋಧರ್ಮವಲ್ಲ, ಶಾಸ್ತ್ರಜ್ಞನ ಮನೋಧರ್ಮ. ಅವರು ಓಲೆಗರಿಗಳ ಪಾಠಾಂತರಗಳಲ್ಲಿ ಮುಳುಗಿ, ಗ್ರಂಥಸಂಪಾದನೆಯನ್ನು ಕನ್ನಡದಲ್ಲಿ ಒಂದು ಶಾಸ್ತ್ರವಾಗಿ ನೆಲೆಗೊಳಿಸಿದರು. ವೆಂಕಣ್ಣಯ್ಯನವರ ತಮ್ಮ ತ. ಸು. ಶಾಮರಾಯರು ಶಿವಶರಣರ ಚರಿತ್ರೆಗೆ ಒಲಿದು ಶಿವಶರಣ ಕಥಾರತ್ನಕೋಶವನ್ನು ನೀಡಿದರು. ಒಂದೇ ಕೆರೆಯ ನೀರು ಕಬ್ಬಿಗೆ ಸಿಹಿಯಾಗಿ, ನಿಂಬೆಗೆ ಹುಳಿಯಾಗಿ, ಮೆಣಸಿಗೆ ಖಾರವಾಗಿ ಪರಿಣಮಿಸುವಂತೆ ಗುರುಕೃಪೆ ಶಿಷ್ಯರಲ್ಲಿ ಅವರವರ ಗುಣಕ್ಕೆ ತಕ್ಕಂತೆ ಫಲಿಸಿತು.

ಈ ಸಂದರ್ಭದಲ್ಲಿ ಹರಿಹರ ರಾಘವಾಂಕರ ಐತಿಹ್ಯ ನೆನಪಿಗೆ ಬರುತ್ತದೆ. ಹರಿಹರನು ರಾಘವಾಂಕನಿಗೆ ಸೋದರಮಾವ, ಗುರು. ಶಿವಶರಣರನ್ನು ಬಿಟ್ಟು ಹರಿಶ್ಚಂದ್ರ ಮಹಾರಾಜನನ್ನು ಹಾಡಿದನೆಂದು ಗುರುವು ಮುನಿದನೆಂದೂ, ಶಿಷ್ಯನು ನೊಂದು ಶರಣರ ಚರಿತ್ರೆಗಳನ್ನು ರಚಿಸಿ ಗುರುವಿನ ಪ್ರಸನ್ನತೆಯನ್ನು ಪಡೆದನೆಂದೂ ಕಥೆ ಹೇಳುತ್ತದೆ. ವೆಂಕಣ್ಣಯ್ಯನವರು ಈ ಗುರುಶಿಷ್ಯರಿಬ್ಬರ ಕಾವ್ಯಗಳನ್ನೂ ಆಳವಾಗಿ ವ್ಯಾಸಂಗ ಮಾಡಿದವರು. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿ, ಅಣ್ಣನವರ ಚರಿತ್ರೆಯನ್ನು ಆಧುನಿಕ ವಿದ್ಯಾರ್ಥಿಗಳ ಕೈಗೆ ಇತ್ತರು. ಕೃಷ್ಣಶಾಸ್ತ್ರಿಗಳೊಡನೆ ಹರಿಶ್ಚಂದ್ರಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದರು. ಗುರುವಿಗೆ ಒಪ್ಪಿಗೆಯಾಗದ ಆ ಹರಿಶ್ಚಂದ್ರಕಾವ್ಯವೇ ರಾಘವಾಂಕನ ಶ್ರೇಷ್ಠ ಕೃತಿಯಾಗಿ ನಿಂತಿತಲ್ಲವೆ? ಗುರುವಿನ ಅಧಿಕಾರಕ್ಕೂ ಒಂದು ಎಲ್ಲೆ ಇದೆಯೆಂಬುದನ್ನು ಈ ಕಥೆ ಸೂಚಿಸುತ್ತದೆ. ವೆಂಕಣ್ಣಯ್ಯನವರ ಶಿಷ್ಯರು ತಮತಮಗೆ ಒಲಿದ ವಸ್ತುವನ್ನು ನಿರ್ಭಯವಾಗಿ ಆರಿಸಿಕೊಂಡುದನ್ನು ನೋಡಿದರೆ, ಆ ಎಲ್ಲೆಯನ್ನು ಅವರು ಬಲ್ಲವರಾಗಿದ್ದರೆಂಬುದು ಸ್ಪಷ್ಟವಾಗುತ್ತದೆ.

ಈ ವಾತ್ಸಲ್ಯಕ್ಕೆ ಅವರು ತೆತ್ತ ಬೆಲೆಯೂ ಉಂಟು. ಅವರ ಪಾಂಡಿತ್ಯಕ್ಕೆ ಹೋಲಿಸಿದರೆ ಅವರ ಲೇಖನಿಯಿಂದ ಹೊರಬಂದ ಗ್ರಂಥಗಳ ಸಂಖ್ಯೆ ಅಲ್ಪ. ತರಗತಿಯ ಪಾಠದಲ್ಲಿ, ಶಿಷ್ಯರ ಯೋಗಕ್ಷೇಮದ ಚಿಂತೆಯಲ್ಲಿ ಅವರ ಆಯುಷ್ಯ ಸಂದುಹೋಯಿತು. ಆ ಆಯುಷ್ಯವಾದರೂ ದೀರ್ಘವಲ್ಲ. 1939ರ ಫೆಬ್ರವರಿಯಲ್ಲಿ, ಐವತ್ತಮೂರರ ವಯಸ್ಸಿನಲ್ಲಿಯೇ, ಅವರು ಕಾಲವಶರಾದರು.

ಆಗ ಪುಟ್ಟಪ್ಪನವರು ಶ್ರೀರಾಮಾಯಣದರ್ಶನಂ ಮಹಾಕಾವ್ಯದ ರಚನೆಯಲ್ಲಿ ತೊಡಗಿದ್ದರು. 1936ರಲ್ಲಿ ಆರಂಭವಾಗಿದ್ದ ಆ ಕಾವ್ಯ ಮುಗಿದದ್ದು 1946ರಲ್ಲಿ, ಅಚ್ಚಾದದ್ದು 1949ರಲ್ಲಿ. 22,000 ಪಂಕ್ತಿಗಳನ್ನು ಮೀರಿದ ಆ ಮಹಾಕೃತಿಯನ್ನು ಶಿಷ್ಯನು ಅರ್ಪಿಸಿದ್ದು ಯಾವ ಅರಸನಿಗೂ ಅಲ್ಲ, ಧನಿಕನಿಗೂ ಅಲ್ಲ. ಹತ್ತು ವರ್ಷಗಳ ಹಿಂದೆಯೇ ಕಣ್ಮರೆಯಾಗಿದ್ದ ತನ್ನ ಗುರುವಿಗೆ. ಆ ಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ 1967ರ ಜ್ಞಾನಪೀಠ ಪ್ರಶಸ್ತಿಯೂ ಸಂದವು. ಜ್ಞಾನಪೀಠ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಇವಾವುದನ್ನೂ ವೆಂಕಣ್ಣಯ್ಯನವರು ಕಾಣಲಿಲ್ಲ. ಬಿತ್ತಿದವನು ಸುಗ್ಗಿಯನ್ನು ಕಾಣದೆ ಹೋದರೂ ಬೆಳೆಯ ತೆನೆತೆನೆಯಲ್ಲಿಯೂ ಅವನ ಬೆವರಿರುತ್ತದೆ.

ಶಾಲೆಯನ್ನು ಮುಗಿಸಿ ಕಾಲೇಜಿನ ಕಡೆಗೆ ಹೆಜ್ಜೆ ಇಡುವ ವಿದ್ಯಾರ್ಥಿಗಳು ಈ ಜೀವನದಿಂದ ಗ್ರಹಿಸಬೇಕಾದದ್ದು ಸ್ವಲ್ಪವಲ್ಲ. ಅಂಕಪಟ್ಟಿ ತಾನೇ ದಾರಿ ತೋರಲಾರದು. ನೆರೆಹೊರೆಯವರ ಬಾಯಿಮಾತೂ ತೋರಲಾರದು. ತನ್ನ ಒಲವು ಯಾವುದರಲ್ಲಿದೆಯೆಂಬುದನ್ನು ಮುಚ್ಚುಮರೆಯಿಲ್ಲದೆ ಬಿನ್ನವಿಸಿಕೊಳ್ಳಲು ತಕ್ಕ ಹಿರಿಯರೊಬ್ಬರನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಸಿ ಹೋಗಬೇಕು. ಪುಟ್ಟಪ್ಪನವರು ತಮ್ಮ ಕವಿತೆಗಳನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿದ್ದರೆ ಕಸಿನ್ಸರ ಹಿತವಚನವೂ ದೊರೆಯುತ್ತಿರಲಿಲ್ಲ. ಶಿಷ್ಯನು ಬಾಗಿಲು ತಟ್ಟಬೇಕು, ಗುರುವು ತೆರೆಯಬೇಕು. ಒಳಗೆ ಬೆಳಕು ಹೊತ್ತಿಕೊಳ್ಳುವುದು ಆ ಬಳಿಕ.