ರಕ್ತಸ್ರಾವಕ್ಕೆ ತಡೆ ಹುಡುಕಿದ ಶಸ್ತ್ರವೈದ್ಯ ಫಿಲಿಪ್ ಫಿಸಿಕ್

ಟಾನ್ಸಿಲ್ ತೆಗೆಯುವುದು ಇಂದು ಮಕ್ಕಳಿಗೂ ಮಾಡುವ ಸಾಮಾನ್ಯ ಶಸ್ತ್ರಚಿಕಿತ್ಸೆ. ಆದರೂ ಅದರಲ್ಲಿ ವೈದ್ಯರು ಅಂಜುವುದು ರಕ್ತಸ್ರಾವಕ್ಕೆ. ಅರಿವಳಿಕೆಯೇ ಇಲ್ಲದ ಕಾಲದಲ್ಲಿ, ಎಚ್ಚರವಿರುವ ರೋಗಿಯ ಗಂಟಲೊಳಗೆ ಚಾಕು ಇಳಿಸುವ ಧೈರ್ಯ ಎಷ್ಟು ಮಂದಿಗಿದ್ದೀತು? ಈ ಭಯಕ್ಕೆ ಉಪಾಯ ಹುಡುಕಿದವರಲ್ಲಿ ಅಮೆರಿಕದ ಫಿಲಿಪ್ ಸಿಂಗ್ ಫಿಸಿಕ್ ಪ್ರಮುಖರು.

ಫಿಸಿಕ್ 1768ರ ಜುಲೈ 7ರಂದು ಫಿಲಡೆಲ್ಫಿಯಾದಲ್ಲಿ ಜನಿಸಿದರು. ತಾಯಿಯ ತಂದೆ ಫಿಲಿಪ್ ಸಿಂಗ್ ಹೆಸರಾಂತ ಬೆಳ್ಳಿ ಕುಶಲಕರ್ಮಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಲು ಬಳಸಿದ ಮಸಿದಾನಿ ಅವರ ಕೈಕೆಲಸವೇ. ಮಗ ವೈದ್ಯನಾಗಲೇಬೇಕೆಂಬುದು ತಂದೆಯ ಹಟ. ವಿದ್ಯಾರ್ಥಿ ದೆಸೆಯಲ್ಲಿ ಅಂಗಚ್ಛೇದನವೊಂದನ್ನು ಕಂಡು ಅಸ್ವಸ್ಥರಾದ ಫಿಸಿಕ್, ಈ ವೃತ್ತಿ ತನಗೆ ಬೇಡವೆಂದು ಅಂಗಲಾಚಿದರೂ ತಂದೆ ಮಣಿಯಲಿಲ್ಲ. ರಕ್ತ ಕಂಡು ತತ್ತರಿಸಿದ ಈ ಯುವಕ ಲಂಡನ್ನಿನಲ್ಲಿ ಜಾನ್ ಹಂಟರ್ ಅವರ ಶಿಷ್ಯನಾಗಿ, 1792ರಲ್ಲಿ ಎಡಿನ್‌ಬರೋದಲ್ಲಿ ಪದವಿ ಪಡೆದು ಊರಿಗೆ ಮರಳಿದರು. ಮರುವರ್ಷವೇ ನಗರಕ್ಕೆ ಹಳದಿ ಜ್ವರ ಅಪ್ಪಳಿಸಿದಾಗ ರೋಗಿಗಳ ಶುಶ್ರೂಷೆಗೆ ನಿಂತರು. 1805ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾದರು.

ಆ ದಿನಗಳಲ್ಲಿ ಕತ್ತರಿಸಿದ ರಕ್ತನಾಳಗಳನ್ನು ರೇಷ್ಮೆ ಅಥವಾ ನಾರಿನ ದಾರದಿಂದ ಕಟ್ಟಿ, ದಾರದ ತುದಿಯನ್ನು ಗಾಯದಿಂದ ಹೊರಗೆ ಬಿಡಲಾಗುತ್ತಿತ್ತು. ದಾರ ಕಳಚುವವರೆಗೆ ಕೀವು. ಕಳಚುವಾಗ ಮತ್ತೆ ರಕ್ತಸ್ರಾವದ ಅಪಾಯ. ಇದಕ್ಕೆ ಬದಲಾಗಿ ಫಿಸಿಕ್ 1810ರ ದಶಕದಲ್ಲಿ ದೇಹದೊಳಗೇ ಕರಗಬಲ್ಲ ತೊಗಲಿನ ಎಳೆಗಳನ್ನು ಪ್ರಯೋಗಿಸಿದರು. ತಾನಾಗಿ ಕರಗುವ ಇಂದಿನ ಹೊಲಿಗೆಗಳ ಮೂಲಪುರುಷರಲ್ಲಿ ಅವರೂ ಒಬ್ಬರು.

ಟಾನ್ಸಿಲ್ ವಿಷಯದಲ್ಲೂ ಅವರ ಚಿಂತೆ ಅದೇ. ಮೊದಲಿಗೆ ತಂತಿಯ ಕುಣಿಕೆಯಿಂದ ಟಾನ್ಸಿಲ್‌ನ ಬುಡ ಬಿಗಿದು, ರಕ್ತಸಂಚಾರ ನಿಲ್ಲಿಸಿ ಅದು ತಾನೇ ಸತ್ತುಹೋಗುವಂತೆ ಮಾಡುತ್ತಿದ್ದರು. ರಕ್ತ ಸುರಿಯದಿದ್ದರೂ ತಂತಿ ಗಂಟಲಲ್ಲಿ ಇರುವಷ್ಟು ಹೊತ್ತು ರೋಗಿಯ ಪಾಡು ಹೇಳತೀರದು. ಕಡೆಗೆ, ಕಿರುನಾಲಿಗೆ ಕತ್ತರಿಸಲು ಬಳಕೆಯಲ್ಲಿದ್ದ ಸಲಕರಣೆಯನ್ನು ಮಾರ್ಪಡಿಸಿ, ಉಂಗುರದೊಳಗೆ ಅಲಗು ಜಾರುವ ಗಿಲೊಟಿನ್ ಮಾದರಿಯ ಉಪಕರಣ ರೂಪಿಸಿ 1828ರಲ್ಲಿ ಅದರ ವಿವರ ಪ್ರಕಟಿಸಿದರು. ಉಂಗುರದಿಂದ ಹೊರಚಾಚಿದ ಭಾಗವಷ್ಟೇ ಕ್ಷಣಾರ್ಧದಲ್ಲಿ ತುಂಡಾಗುತ್ತಿತ್ತು.

ಗಂಭೀರ ಸ್ವಭಾವದ ಫಿಸಿಕ್ ಬರೆದದ್ದು ಅತ್ಯಲ್ಪ. 1831ರಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಮೂತ್ರಕೋಶದಿಂದ ಸುಮಾರು 1,000 ಕಲ್ಲುಗಳನ್ನು ಹೊರತೆಗೆದದ್ದು ಅವರ ಖ್ಯಾತಿಯನ್ನು ಹೆಚ್ಚಿಸಿತು. 1837ರ ಡಿಸೆಂಬರ್ 15ರಂದು ನಿಧನರಾದರು.

20ನೇ ಶತಮಾನದ ಆರಂಭದಲ್ಲಿ ಟಾನ್ಸಿಲನ್ನು ಬುಡಸಹಿತ ತೆಗೆಯಬೇಕೆಂಬ ಅಭಿಪ್ರಾಯ ಬಲಗೊಂಡು ಗಿಲೊಟಿನ್ ಕ್ರಮೇಣ ಮೂಲೆ ಸೇರಿತು. ಆದರೆ ಬುಡಸಹಿತ ತೆಗೆದಾಗ ಹೊರಪೊರೆಯಾಚೆಯ ದೊಡ್ಡ ರಕ್ತನಾಳಗಳು ತೆರೆದುಕೊಳ್ಳುತ್ತವೆ. ಅವನ್ನು ದಾರದಿಂದ ಕಟ್ಟುವುದೋ ವಿದ್ಯುತ್ ಶಾಖದಿಂದ ಮುಚ್ಚುವುದೋ ಅನಿವಾರ್ಯವಾಯಿತು. ಟಾನ್ಸಿಲ್ ಊದಿ ಉಸಿರಾಟಕ್ಕೆ ಅಡ್ಡಿಯಾಗುವ ಮಕ್ಕಳಿಗೆ ಈಗ ಅನೇಕ ವೈದ್ಯರು ಮತ್ತೆ ಭಾಗಶಃ ತೆಗೆಯುವ ವಿಧಾನಕ್ಕೇ ಮರಳಿದ್ದಾರೆ. ಪೊರೆಗಂಟಿದ ತೆಳುಪದರ ಉಳಿಯುವುದರಿಂದ ನೋವೂ ರಕ್ತಸ್ರಾವವೂ ಕಡಿಮೆ. ಉಳಿದ ಭಾಗ ಮತ್ತೆ ಬೆಳೆಯುವ ಸಾಧ್ಯತೆ ಮಾತ್ರ ಅಲ್ಪಪ್ರಮಾಣದಲ್ಲಿ ಇದ್ದೇ ಇದೆ.